ಎಡಗಡೆಯವಳು

ಇವರ ಬಲಕ್ಕೆ ನಿಲ್ಲಬೇಡಿ ಅಂದಿದ್ದಾಳೆ
ಉಪ್ಪಳದ ಫಿಸಿಯೋ ಹುಡುಗಿ ರಂಸೀನ.
ಚಾ ಕೊಡುವುದು, ಜಗಳ ಮಾಡುವುದು,
ಪೆನ್ಶನ್ ಬಂತು ಅನ್ನುವುದು
ಎಲ್ಲ ಎಡದಿಂದಲೇ ಆಗಬೇಕು.

ಎಡ ಅಂತ ಒಂದು ಇಲ್ಲ ಇವರಿಗೆ ಈಗ.
ಕಣ್ಣು ಸರಿ ಉಂಟು, ಕನ್ನಡಕವೂ ಸರಿ ಉಂಟು.
ತಲೆಯ ಬಲಬದಿಯಲ್ಲಿ ಕಡಲೆಕಾಳಿನಷ್ಟು ನೆತ್ತರು
ಹೆಪ್ಪುಗಟ್ಟಿ ಕೂತಿತು, ಅಷ್ಟೆ,
ಲೋಕದ ಎಡ ಅರ್ಧವನ್ನು ಯಾರೋ ಮಡಚಿ ಇಟ್ಟುಬಿಟ್ಟರು.

ತಟ್ಟೆಯಲ್ಲಿ ಅನ್ನ ನಡುವೆ ಗೆರೆ ಕೊಯ್ದ ಹಾಗೆ ಉಳಿಯುತ್ತದೆ.
ಕೊದ್ದೆಲ್ ಮಾಡಲಿಲ್ಲವಾ ಎಂದು ಕೇಳುತ್ತಾರೆ.
ಕೊದ್ದೆಲ್ ಎಡಗಡೆ ಆರುತ್ತಾ ಇರುತ್ತದೆ.
ಮೊದಲ ವಾರ ನಾನೇ ತಟ್ಟೆ ತಿರುಗಿಸಿ ಕೊಡುತ್ತಿದ್ದೆ.
ತಿರುಗಿಸಬೇಡಿ ಅಮ್ಮಾ, ಹುಡುಕಲಿ, ಎಂದಳು ಹುಡುಗಿ.

ರಾತ್ರಿ ಒಂದು ಸಲ ನನ್ನನ್ನು ಎಬ್ಬಿಸಿ ಹೇಳಿದರು:
ಹಾಸಿಗೆಯಲ್ಲಿ ಯಾರೋ ಕೈ ಬಿಟ್ಟುಹೋಗಿದ್ದಾರೆ,
ಬೆಳಗಾದರೆ ಕೊಟ್ಟು ಬಾ.
ಆ ಕೈಯನ್ನು ನಾನು ದಿನಾ ಬೈರಾಸಿನಲ್ಲಿ ಉಜ್ಜುತ್ತೇನೆ,
ಬಿಸಿ ನೀರು, ತಣ್ಣೀರು, ಬಿಸಿ ನೀರು.
ಬೆರಳು ಒಂದೊಂದಾಗಿ ಬಿಡಿಸಿ ಸ್ಪಂಜು ಹಿಡಿಸುತ್ತೇನೆ.
ಬಿಡುತ್ತದೆ. ಹಿಡಿಸುತ್ತೇನೆ.

ನಲವತ್ತು ವರ್ಷ ಬೋರ್ಡು ಬರೆದವರು ಐತಪ್ಪ ಪೈಂಟರ್,
ಕುಂಬಳೆಯಿಂದ ತಲಪಾಡಿವರೆಗೆ,
ಮೇಲೆ ಮಲಯಾಳ, ಕೆಳಗೆ ಕನ್ನಡ,
ಕ್ಷೌರದಂಗಡಿ, ಹಾಲಿನ ಸೊಸೈಟಿ, ಮದರಸ, ಭಜನಾ ಮಂದಿರ.
ನೂಲು ಹಿಡಿಯದೆ ನೇರ ಬರೆಯುತ್ತಿದ್ದರು.
ತಾವೇ ಬರೆದದ್ದನ್ನು ಈಗ ಓದಿಸಿದರೆ
ಬಂದ್ಯೋಡು ಬರೇ ಓಡು, ಮಂಜೇಶ್ವರ ಬರೇ ಈಶ್ವರ.
ರೇಷನ್ ಕಾರ್ಡಿನ ಸುಗುಣ, ಗುಣ.
ಗುಣ ಆಯಿತಾ ಎಂದು ನೆರೆಯವರು ಬೇಲಿಯಾಚೆ ಕೇಳುವಾಗ
ನನ್ನನ್ನೇ ಕರೆದರೋ ಎಂದು ತಿರುಗುತ್ತೇನೆ.

ಗಡಿಯಾರ ಬರೆಯಿರಿ ಅಂದಳು ರಂಸೀನ.
ಉರುಟು ಸರಿಯೇ ಬಂತು, ಆದರೆ ಹನ್ನೆರಡೂ ಗಂಟೆ
ಒಂದೇ ಬಾಗಿಲಿನ ಬಸ್ಸಿಗೆ ನುಗ್ಗಿದ ಹಾಗೆ ಬಲಕ್ಕೆ.
ಅವಳು ಕಾಗದದ ಎಡ ಅಂಚಿಗೆ ಕೆಂಪು ಟೇಪು ಅಂಟಿಸಿದಳು.
ಮೊದಲು ಕೆಂಪು ಸಿಗಬೇಕು, ಆಮೇಲೆ ಓದು.
ಇಡತ್ತೋಟ್ಟ್ ನೋಕ್ಕ್, ಇಡತ್ತೋಟ್ಟ್, ಎಂದು ಮಲಯಾಳದಲ್ಲಿ ಅವಳು,
ಸಿಕ್ಕದಿದ್ದರೆ ತುಳುವಲ್ಲಿ ಇವರ ಬೈಗಳು.

ಆಟೋದಲ್ಲಿ ಹೋಗುವಾಗ ಶಿರಿಯ ಸೇತುವೆ ಸಿಗುತ್ತದೆ.
ಹೋಗುವಾಗ ಇವರಿಗೆ ಸಮುದ್ರ ಇಲ್ಲ,
ಬರುವಾಗ, ಓ ಸಮುದ್ರ ಬಂತು, ಅನ್ನುತ್ತಾರೆ.
ಆಟೋದ ಹಮೀದ್ ನಗುವುದನ್ನು ಬಿಟ್ಟಿದ್ದಾನೆ.
ಈಗ ಸೇತುವೆಯ ಮೇಲೆ ಸ್ವಲ್ಪ ನಿಧಾನ ಮಾಡುತ್ತಾನೆ, ಹೋಗುವಾಗ.

ನಿಜ ಹೇಳುವುದಾದರೆ
ಮೊದಲೇನು ನನ್ನನ್ನು ನೋಡುತ್ತಿದ್ದರೇ?
ಏಣಿ ಹತ್ತಿದವರು ಅಕ್ಷರ ನೋಡುತ್ತಾರೆ,
ಬುಡ ಹಿಡಿದವಳ ನೆತ್ತಿಗೆ ಬಣ್ಣ ತೊಟ್ಟಿಕ್ಕುತ್ತದೆ.
ಏಣಿ ಅಲುಗಿದರೆ ಮಾತ್ರ ಒಂದು ‘ಏಯ್’.
ಆಗಲೂ ಒಂದು ನಮೂನೆ ಎಡಗಡೆಯೇ ನನ್ನದು.
ಹಾಗಾಗಿ ಈ ಕೆಲಸ ನನಗೆ ಅಭ್ಯಾಸ ಉಂಟು.

ಮೊನ್ನೆ ಇವರ ಹಳೇ ಡಬ್ಬಿ ತೆರೆದೆ.
ಕೆಂಪು ಎನಾಮಲ್ ಕೆನೆ ಕಟ್ಟಿತ್ತು, ಬ್ರಷ್ಷು ಗಟ್ಟಿ,
ಟರ್ಪೆಂಟೈನಿನಲ್ಲಿ ಅದ್ದಿ ಅದ್ದಿ ಮೆತ್ತಗೆ ಮಾಡಿ
ಬಾಗಿಲಿನ ಎಡ ದಾರಂದಕ್ಕೆ ಒಂದು ಗೆರೆ ಎಳೆದೆ.
ಕೈ ನಡುಗಿತು. ಎರಡು ಕಡೆ ಹೊಟ್ಟೆ ಬಂತು, ಒಂದು ಕಡೆ ಇಳಿಯಿತು.

ಮೂರು ದಿನ ಏನೂ ಇಲ್ಲ.
ನಾಲ್ಕನೇ ದಿನ ಸಂಜೆ ಕುರ್ಚಿಯಲ್ಲಿ ಕೂತವರ
ಗದ್ದ ಸ್ವಲ್ಪ ಸರಿಯಿತು, ತುಕ್ಕು ಹಿಡಿದ ತಿರುಗಣೆಯ ಹಾಗೆ,
ನಿಂತಿತು, ಮತ್ತೆ ಸರಿಯಿತು,
ಬೋಳಿಸಲು ಮರೆತ ಎಡಗೆನ್ನೆ ಬೆಳಕಿನಿಂದ ಆಚೆ ಹೋಯಿತು.
‘ಯಾವ ಕತ್ತೆ ಎಳೆದದ್ದು ಇದು?
ಗೆರೆಯಾ? ಹಾವು ಹೋದದ್ದಾ?’

ಬಾಯಿಗೆ ಬಂದದ್ದನ್ನು ನುಂಗಿದೆ.
ಗೆರೆಯಿಂದ ಇನ್ನೂ ಒಂದು ಹೆಜ್ಜೆ
ಎಡಕ್ಕೆ ಸರಿದು ನಿಂತೆ.
ಹುಡುಕಲಿ.